ಈ ಬೆಲೆಗೆ ಇನ್ನೊಂದೇ ಸೀಟು

ಏರ್‌ಪೋರ್ಟಿನ ಕೌಂಟರಿನವಳ ಕನ್ನಡಕದ ಗಾಜಿನಲ್ಲಿ ಕಂಪ್ಯೂಟರಿನ ಪರದೆ ಎರಡಾಗಿ ಕಾಣುತ್ತಿದೆ, ಎಡಗಣ್ಣಿನ ಮೇಲೊಂದು ನೀಲಿ ಚೌಕ, ಬಲಗಣ್ಣಿನ ಮೇಲೊಂದು, ಅದರೊಳಗೆ ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ಮೇಲಕ್ಕೆ ಹತ್ತುತ್ತಿವೆ, ಅಲ್ಲೇ ಎಲ್ಲೋ ನನ್ನ ಹೆಸರಿರಬೇಕು, ಇದ್ದೇ ಇರುತ್ತದೆ, ಇಪ್ಪತ್ತೆಂಟು ವರ್ಷ ಬೇರೆಯವರ ಹಾಜರಿ ಕೂಗಿದವನ ಹೆಸರು ಒಂದು ಪಟ್ಟಿಯಲ್ಲಿ ಸಿಗದೆ ಎಲ್ಲಿಗೆ ಹೋದೀತು, ಇನ್ನೊಂದು ಸಲ ನೋಡಮ್ಮ ಎಂದೆ, ಆಗಲೇ ಮೂರು ಸಲ ನೋಡಿದ್ದಾಳೆ, ಉಗುರಿನ ತುದಿಯಿಂದ ಕೀಲಿಗಳನ್ನು ಕುಟುಕುತ್ತಾಳೆ, ಕೋಳಿ ಕಾಳು ಹೆಕ್ಕಿದ ಹಾಗೆ, ನಿಲ್ಲಿಸಿದಳು, ತಲೆ ಎತ್ತಿದಳು. ಸರ್, ಈ ಟಿಕೆಟ್ ನಂಬರಲ್ಲಿ ಯಾರೂ ಇಲ್ಲ. ಯಾರೂ ಇಲ್ಲ ಅಂದ್ರೆ? ಇದು ನಮ್ಮ ನಂಬರೇ ಅಲ್ಲ ಸರ್, ನಮ್ದು ಆರು ಅಕ್ಷರ, ಇದ್ರಲ್ಲಿ ಒಂಬತ್ತಿದೆ, ನಿಮ್ಮ ಹೆಸರಲ್ಲಿ ಒಂದು ಟಿಕೆಟ್ ಇತ್ತು, ನಿಜ, ನಿನ್ನೆ ಮಧ್ಯಾಹ್ನ ನೀವೇ ರದ್ದು ಮಾಡಿದ್ದೀರಲ್ಲ. ನಾನೇ. ನಾನೇ ರದ್ದು ಮಾಡಿದ್ದೀನಂತೆ. ಅವಳ ದನಿಯಲ್ಲಿ ಕೋಪವಿಲ್ಲ, ಅದೇ ಭಯವಾಗುವುದು, ರೋಗಿಯ ಹತ್ತಿರ ಮಾತಾಡುವ ದನಿ ಅದು, ಹಿಂದೆ ನಿಂತವನ ಸೂಟ್‌ಕೇಸಿನ ಚಕ್ರ ನನ್ನ ಹಿಮ್ಮಡಿಗೆ ತಾಗುತ್ತಿದೆ, ಗಂಟೆ ಹತ್ತೂವರೆ, ಅಲ್ಲಿ ಆ ಊರಿನಲ್ಲಿ, ಒಂದೂವರೆ ಗಂಟೆಯ ವಿಮಾನದ ಆಚೆ, ಅಕ್ಕನಿಗೆ ಇವತ್ತು ನಾಲ್ಕಕ್ಕೆ ಆಪರೇಷನ್, ಅವಳ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಗೆದುಬಿಡುತ್ತಾರೆ, ಆಮೇಲೆ ಕುತ್ತಿಗೆಯಲ್ಲೊಂದು ತೂತು, ಉಸಿರಾಟ ಅದರಲ್ಲೇ, ಮಾತು ಇಲ್ಲ, ಯಾವತ್ತೂ ಇಲ್ಲ. ಮಾತಿರುವಾಗಲೇ ಬಾರೋ ಎಂದಿದ್ದಳು ಫೋನಿನಲ್ಲಿ, ಗುರುವಾರದೊಳಗೆ ಬಾ, ಆಮೇಲೆ ಬಂದ್ರೆ ಬೈಯೋಕೂ ಆಗಲ್ಲ ನಂಗೆ.

ಒಂಬತ್ತು ದಿನ ಕಾದೆ. ಇವಳು ಮೊದಲ ದಿನವೇ ಹೇಳಿದ್ದಳು, ನನ್ನ ಹೆಂಡತಿ, ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ, ರೀ, ಡಾಕ್ಟ್ರು ದಿನ ಗೊತ್ತು ಮಾಡಿ ಆಯ್ತು, ಟಿಕೆಟ್ ತಗೊಂಡ್ಬಿಡಿ, ಅಷ್ಟು ಹೇಳಿ ತಾನು ರಾತ್ರಿ ಬಸ್ಸು ಹತ್ತಿ ಅಕ್ಕನ ಹತ್ತಿರ ಹೋಗಿಯೇಬಿಟ್ಟಳು, ನನಗೆ ಉತ್ತರಪತ್ರಿಕೆಗಳ ಮೌಲ್ಯಮಾಪನ, ನಾನು ವಿಮಾನದಲ್ಲಿ ಬರುತ್ತೇನೆ, ಗುರುವಾರ ಬೆಳಿಗ್ಗೆ, ಎಂದೆ. ಬೆಲೆ ಇಳಿಯುತ್ತದೆ, ನನಗೆ ಗೊತ್ತಿತ್ತು. ವಾರದ ನಡುವಿನ ದಿನ, ಪರೀಕ್ಷೆಯ ಕಾಲ, ಅರ್ಧ ಖಾಲಿ ಹೋಗುವ ವಿಮಾನ, ಇಳಿಯಲೇಬೇಕು, ದಿನಕ್ಕೆ ನಾಲ್ಕು ಸಲ ಬೆಲೆ ಬರೆದಿಟ್ಟು ಗೆರೆ ಎಳೆದೆ, ತರಗತಿಯಲ್ಲಿ ಹಲಗೆಯ ಮೇಲೂ ಅದೇ ಗೆರೆ ಎಳೆದು ತೋರಿಸಿದೆ, ನೋಡಿ, ಈ ಬೆಲೆಗೆ ಇನ್ನೆರಡೇ ಸೀಟು ಅಂತ ಕೆಂಪಕ್ಷರದಲ್ಲಿ ಹೆದರಿಸ್ತಾರಲ್ಲ, ಅದು ಸೀಟಿನ ಲೆಕ್ಕವಲ್ಲ, ನಿಮ್ಮ ಎದೆಬಡಿತದ ಲೆಕ್ಕ. ಹುಡುಗರು ನಕ್ಕರು. ನನಗೆ ಬೆನ್ನ ಹಿಂದೆ ದರ ಮೇಷ್ಟ್ರು ಎಂದು ಹೆಸರಿದೆ, ಅದನ್ನು ಹಿಂದಿನ ಬೆಂಚಿನವನೊಬ್ಬ ಸ್ವಲ್ಪ ಜೋರಾಗಿಯೇ ಅಂದ, ನಾನೂ ನಕ್ಕೆ. ಬೆಲೆ ಇಳಿಯಲಿಲ್ಲ. ಏರಿತು. ನನಗೆ ಅವಮಾನವಾದ ಹಾಗಾಯಿತು, ಖುದ್ದು ನನಗೇ ಯಾರೋ ಎದುರುತ್ತರ ಕೊಟ್ಟ ಹಾಗೆ, ಇನ್ನೂ ಎರಡು ದಿನ ಹಟ ಹಿಡಿದೆ, ಕೊನೆಗೆ ಮೊನ್ನೆ ಸಂಜೆ ಹೆಚ್ಚಿನ ಬೆಲೆಗೇ ಕೊಂಡೆ, ಕೊಂಡ ಕೈ ಉರಿಯುತ್ತಿತ್ತು, ಅಷ್ಟರಲ್ಲಿ ನಿನ್ನೆ ಒಂದು ಸಂದೇಶ, ನಿಮ್ಮ ವಿಮಾನದ ಹೊತ್ತು ಬದಲಾಗಿದೆ, ವ್ಯತ್ಯಾಸದ ಹಣ ವಾಪಸ್ ಬೇಕಿದ್ದರೆ ಈ ನಂಬರಿಗೆ ಕರೆ ಮಾಡಿ.

ವಾಪಸ್ ಎಂಬ ಮಾತು ಕಂಡಿತು ನನಗೆ, ಬೇರೇನೂ ಕಾಣಲಿಲ್ಲ, ಕರೆ ಮಾಡಿದೆ. ಎಷ್ಟು ಒಳ್ಳೆಯ ದನಿ ಅವನದು. ಅವಸರವಿಲ್ಲ. ಗಾಬರಿ ಆಗ್ಬೇಡಿ ಸರ್, ನಾನಿದ್ದೀನಲ್ಲ, ಏನ್ ಕೆಲ್ಸ ಮಾಡ್ಕೊಂಡಿದ್ದೀರಿ ಸರ್? ಅರ್ಥಶಾಸ್ತ್ರ ಪಾಠ ಮಾಡ್ತೀನಿ, ಬೆಲೆ ನಿಗದಿ ನನ್ನ ವಿಷಯ. ಅಯ್ಯೋ, ಹಾಗಾದ್ರೆ ನಿಮ್ಗೆ ನಾನೇನ್ ಹೇಳ್ಕೊಡ್ಲಿ ಸರ್, ನೀವೇ ನಮ್ಮಂಥೋರಿಗೆ ಹೇಳ್ಬೇಕು. ಹಿಗ್ಗಿದೆ. ಐವತ್ತೇಳು ವರ್ಷದವನು, ಕುರ್ಚಿಯಲ್ಲಿ ಒಬ್ಬನೇ ಕೂತು, ಫೋನು ಕಿವಿಗಿಟ್ಟುಕೊಂಡು, ಹಿಗ್ಗಿದೆ. ಐವತ್ತೈದು ದಾಟಿದವರಿಗೆ ರಿಯಾಯಿತಿ ಬೇರೆ ಇದೆ ಸರ್, ಯಾರಿಗೂ ಹೇಳಲ್ಲ ನಾವು, ನಿಮ್ಗೆ ಕೊಡ್ಸ್ಲಾ? ಕೊಡ್ಸಿ ಎಂದೆ. ಅವನು ಹೇಳಿದ ಆ್ಯಪ್ ಹಾಕಿಕೊಂಡೆ, ಅವನು ಒತ್ತು ಎಂದಲ್ಲಿ ಒತ್ತಿದೆ, ಬಂದ ಆರು ಅಂಕಿಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಓದಿ ಹೇಳಿದೆ, ಎರಡು ಸಲ, ಎರಡನೆಯ ಸಲ ಬಿಡಿಸಿ ಬಿಡಿಸಿ, ಶಭಾಷ್ ಸರ್ ಎಂದ ಅವನು. ಟಿಕೆಟ್ ರದ್ದಾಯಿತು, ಅದರ ಹಣ ಅವನ ಕಡೆಗೆ ಹೋಯಿತು, ನನಗೆ ಸಿಕ್ಕಿದ್ದು ಒಂಬತ್ತು ಅಕ್ಷರದ ಒಂದು ಕಾಗದ, ಅದನ್ನು ಮುದ್ರಿಸಿ, ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ, ಮಡಿಕೆ ಕೂಡ ಬೀಳದ ಹಾಗೆ.

ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಎಂದಳು ಕೌಂಟರಿನವಳು. ಪಕ್ಕಕ್ಕೆ ಸರಿದೆ. ಹನ್ನೆರಡು ಐವತ್ತಕ್ಕೆ ಒಂದು ಹೊರಡತ್ತೆ, ಒಂದೇ ಸೀಟಿದೆ, ಬೇಕಾದ್ರೆ ಹೇಳಿ. ಒಂದೇ ಸೀಟು. ನನ್ನ ತಲೆ, ಈ ಹಾಳು ತಲೆ, ಆ ಹೊತ್ತಿನಲ್ಲೂ ಒಂದು ಕ್ಷಣ ನಕ್ಕಿತು, ಎಲ್ಲರೂ ಇದನ್ನೇ ಹೇಳುತ್ತಾರೆ, ಎಂದಿತು. ಬೇಕು, ಕೊಡಮ್ಮ, ಎಂದು ಕಾರ್ಡು ಕೊಟ್ಟೆ, ಯಂತ್ರ ಕೀಚ್ ಎಂದಿತು, ತಿರುಗಿಸಿ ಹಾಕಿದಳು, ಕೀಚ್, ಇನ್ನೊಂದ್ ಕಾರ್ಡ್ ಇದ್ಯಾ ಸರ್? ಇನ್ನೊಂದೂ ಅದೇ ಬ್ಯಾಂಕಿನದು. ಬ್ಯಾಂಕಿಗೆ ಕರೆ ಮಾಡಿದೆ, ಸಂಗೀತ, ಮತ್ತೆ ಸಂಗೀತ, ಆಮೇಲೊಬ್ಬ ಹೆಂಗಸು, ನಿನ್ನೆ ನಿಮ್ಮ ಖಾತೆ ಪೂರ್ತಿ ಬರಿದಾಗಿದೆ ಸರ್, ನಿಮ್ಮ ಸುರಕ್ಷತೆಗಾಗಿ ಎರಡೂ ಕಾರ್ಡ್ ನಿಲ್ಸಿದ್ದೀವಿ, ಹೊಸದು ಏಳು ದಿನದಲ್ಲಿ ಅಂಚೇಲಿ ಮನೆಗೆ ಬರತ್ತೆ. ನನಗೆ ಏಳು ದಿನ ಇಲ್ಲ ತಾಯಿ, ಒಂದು ಗಂಟೆ ಇದೆ. ನಿಮ್ಮ ತೊಂದರೆ ಅರ್ಥ ಆಗತ್ತೆ ಸರ್, ಇನ್ನೇನಾದ್ರೂ ಸಹಾಯ ಬೇಕಿತ್ತಾ? ಜೇಬಿನಲ್ಲಿ ಟ್ಯಾಕ್ಸಿಗೆ ಕೊಟ್ಟು ಉಳಿದ ನಾಲ್ಕು ನೋಟು. ಹೆಂಡತಿಗೆ ಕರೆ ಮಾಡಿದೆ, ಹೋಗಲಿಲ್ಲ, ರಿಂಗೇ ಆಗಲಿಲ್ಲ, ಒಂದು ಸಣ್ಣ ಟೊಂಯ್ ಎಂಬ ಸದ್ದು, ಕಡಿತ, ಮತ್ತೆ ಮಾಡಿದೆ, ಟೊಂಯ್, ಹನ್ನೊಂದು ಸಲ ಮಾಡಿದೆ, ಆಸ್ಪತ್ರೆಯಲ್ಲಿ ಸಿಗ್ನಲ್ ಇರುವುದಿಲ್ಲ, ಗೋಡೆ ದಪ್ಪ, ಅಥವಾ ಅಕ್ಕನಿಗೆ ಏನಾದರೂ, ಬೇಡ, ಗೋಡೆ ದಪ್ಪ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಹದಿನಾರು, ಅಪ್ಪ ಲಾರಿಯ ಮೇಲೆ ತಿಂಗಳುಗಟ್ಟಲೆ ಊರೂರು, ನಮ್ಮ ಕೋಣೆಯ ಮುಂದಿನ ಅರ್ಧವನ್ನೇ ಅವಳು ಅಂಗಡಿ ಮಾಡಿದಳು, ಗುಂಡಿ, ದಾರ, ಸೂಜಿ, ಜಿಪ್ಪು, ಲೇಸು, ಗಾಜಿನ ಸೀಸೆಗಳಲ್ಲಿ ಬಣ್ಣ ಬಣ್ಣದ ಗುಂಡಿಗಳು, ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಚಿಲ್ಲರೆ ಜೋಡಿಸುತ್ತಿದ್ದೆ, ಅದಕ್ಕೇ ನನ್ನನ್ನು ಚಿಲ್ಲರೆ ಅಂತಲೇ ಕರೆದಳು, ಲೋ ಚಿಲ್ಲರೆ, ಊಟಕ್ಕೆ ಬಾರೋ, ಆ ಕೂಗು ಎರಡು ಬೀದಿ ದಾಟಿ ಆಟದ ಬಯಲಿಗೆ ಬರುತ್ತಿತ್ತು, ಪ್ರೊಫೆಸರಾದ ದಿನವೂ ಸಭಾಂಗಣದಲ್ಲಿ ಎಲ್ಲರೆದುರು, ನಮ್ಮ ಚಿಲ್ಲರೆ ನೋಟಾಗ್ಬಿಟ್ಟ ಎಂದಳು. ಅವಳ ಅಂಗಡಿಯಲ್ಲಿ ಯಾವುದಕ್ಕೂ ಬೆಲೆ ಬರೆದಿರಲಿಲ್ಲ. ಬಂದವರನ್ನು ನೋಡಿ ಹೇಳುತ್ತಿದ್ದಳು. ಒಂದು ದಿನ ಹೆಂಗಸೊಬ್ಬಳಿಗೆ ಲೇಸು ಹತ್ತು ಎಂದಳು, ನಾನು ಬಾಯಿ ಹಾಕಿದೆ, ಅಕ್ಕ, ಈಗಷ್ಟೇ ಅವ್ರಿಗೆ ಆರಕ್ಕೆ ಕೊಟ್ಯಲ್ಲ, ಗಲ್ಲಾದ ಕೆಳಗಿನಿಂದ ನನ್ನ ತೊಡೆಗೆ ಎಂಥ ಚಿವುಟು ಬಿತ್ತು, ಮೂರು ದಿನ ನೀಲಿಗಟ್ಟಿತ್ತು, ಸಂಜೆ ಬಾಗಿಲು ಹಾಕುವಾಗ ಹೇಳಿದಳು, ಮುಖ ನೋಡ್ಬೇಡ, ಮುಖ ಸುಳ್ಳು ಹೇಳತ್ತೆ, ಚಪ್ಪಲಿ ನೋಡು, ಆರು ಕೊಟ್ಟವಳ ಚಪ್ಪಲಿ ದಾರದಲ್ಲಿ ಕಟ್ಟಿತ್ತು, ನೋಡಿದ್ಯಾ? ಅದನ್ನೇ ನಾನು ಮುನ್ನೂರು ಪುಟ ಮಾಡಿದೆ. ಒಂದೇ ವಸ್ತುವಿಗೆ ಜನ ನೋಡಿ ಬೇರೆ ಬೇರೆ ಬೆಲೆ, ಸಮೀಕರಣಗಳು, ಕೋಷ್ಟಕಗಳು, ಪುಸ್ತಕವೂ ಆಯಿತು, ಕೃತಜ್ಞತೆಯಲ್ಲಿ ಮಾರ್ಗದರ್ಶಕರು, ಗ್ರಂಥಪಾಲಕರು, ಬೆರಳಚ್ಚು ಮಾಡಿದವರು, ಎಲ್ಲರೂ ಇದ್ದರು, ಅಕ್ಕ ಆ ಪುಟದ ಮೇಲೆ ಬೆರಳಾಡಿಸಿ, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ, ನಾನೆಲ್ಲಿದ್ದೀನೋ ಇದ್ರಲ್ಲಿ? ಎಂದಳು. ಮುಂದಿನ ಮುದ್ರಣದಲ್ಲಿ ಹಾಕ್ತೀನಿ ಅಕ್ಕ. ಮುಂದಿನ ಮುದ್ರಣ ಬರಲಿಲ್ಲ, ಅಂಥ ಪುಸ್ತಕಕ್ಕೆ ಯಾರು ಮಾಡುತ್ತಾರೆ. ನಿನ್ನೆಯವನೂ ಅಷ್ಟೇ ಮಾಡಿದ, ನನ್ನ ಚಪ್ಪಲಿ ನೋಡಿದ, ಫೋನಿನಲ್ಲೇ ನೋಡಿದ, ಆದರೆ ಅಕ್ಕ ದಾರ ಕಟ್ಟಿದವಳಿಗೆ ಇಳಿಸಿ ಕೊಟ್ಟಳು, ಅವನು ಇಳಿಸಲಿಲ್ಲ.

ಹನ್ನೊಂದು ಇಪ್ಪತ್ತು. ಯಾರನ್ನಾದರೂ ಕೇಳಬೇಕು. ಸಂಖ್ಯಾಶಾಸ್ತ್ರದವನಿಗೆ ಕರೆ ಮಾಡಿದೆ, ಹದಿನಾಲ್ಕು ವರ್ಷ ಎದುರು ಬದುರು ಕೋಣೆ, ದಿನಾ ಒಂದೇ ಫ್ಲಾಸ್ಕಿನ ಟೀ, ಎತ್ತಿದ, ಎತ್ತಿದ ದೇವರೇ, ಕೇಳಪ್ಪ, ನಾನು ಏರ್‌ಪೋರ್ಟಿನಲ್ಲಿದ್ದೀನಿ, ಅಕ್ಕನ ಆಪರೇಷನ್, ಕಾರ್ಡ್ ನಿಂತೋಗಿದೆ, ಒಂದ್ ಟಿಕೆಟ್ಟಿನ ದುಡ್ಡು ಈಗ್ಲೇ ಕಳಿಸು, ಸಂಜೆಯೊಳಗೆ ವಾಪಸ್ ಮಾಡ್ತೀನಿ. ಅವನು ಬಹುವಚನದಲ್ಲಿ ಮಾತಾಡಿದ. ಯಾರ್ ನೀವು? ನಾನೋ, ನಾನೇ ಕಣೋ. ನೋಡಿ, ಬೆಳಿಗ್ಗೆಯಿಂದ ಈ ನಂಬರಿಂದ ನಮ್ಮೆಲ್ರಿಗೂ ಇದೇ ಸಂದೇಶ ಬಂದಿದೆ, ಅಕ್ಕನ ಆಪರೇಷನ್, ಅರ್ಜೆಂಟ್, ಸಂಜೆ ವಾಪಸ್, ಇಬ್ರು ಕಳಿಸಿ ಕೈ ಸುಟ್ಕೊಂಡಿದ್ದಾರೆ. ನನ್ನ ಫೋನಿನೊಳಗೆ ಹೊಕ್ಕವರು ನಾನು ಹೆಂಡತಿಗೆ ಕಳಿಸಿದ್ದನ್ನೆಲ್ಲ ಓದಿದ್ದಾರೆ, ನನ್ನ ಕಷ್ಟವನ್ನೇ ನನಗಿಂತ ಮೊದಲು ಹೇಳಿಬಿಟ್ಟಿದ್ದಾರೆ. ನನ್ನ ದನಿ ಗೊತ್ತಾಗಲ್ವೇನೋ ನಿಂಗೆ? ಈಗ ದನಿನೂ ಮಾಡ್ತಾರೆ ಸ್ವಾಮಿ, ಕಂಪ್ಯೂಟರಲ್ಲಿ, ನಿಜವಾಗ್ಲೂ ಮೇಷ್ಟ್ರೇ ಆಗಿದ್ರೆ ಹೇಳಿ, ನನ್ನ ಚಿಕ್ಕ ಮಗಳ ಹೆಸರೇನು? ಚಿಕ್ಕ ಮಗಳು. ನಾಮಕರಣಕ್ಕೆ ಹೋಗಿದ್ದೆ. ಬೆಳ್ಳಿ ಬಟ್ಟಲು ಕೊಟ್ಟಿದ್ದೆ, ಬಟ್ಟಲು ಕಣ್ಣಿಗೆ ಕಟ್ಟಿದ ಹಾಗಿದೆ, ಅಂಚಿನ ಬಳ್ಳಿ ಕೂಡ, ಆ ಮಗು ನನ್ನ ಮೇಜಿನ ಮೇಲೆ ಕೂತು ಸ್ಟೇಪ್ಲರ್ ಮುರಿದಿತ್ತು, ಎರಡಕ್ಷರ, ಮೂರಕ್ಷರ, ನಾಲಿಗೆಯ ತುದಿಯಲ್ಲಿದೆ, ಒಂದ್ನಿಮಿಷ ಇರು. ಫೋನು ಕಡಿದ. ಸರಿಯಾಗಿಯೇ ಮಾಡಿದ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಗುರುತಿಲ್ಲದವರ ಬಳಿಗೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಇದೆ, ಕನ್ನಡಕ ಇದೆ, ಕಾಲೇಜಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡೆ, ಕುತ್ತಿಗೆಗೆ ದಿಂಬು ಸುತ್ತಿಕೊಂಡು ಕೂತಿದ್ದ ಹೆಂಗಸೊಬ್ಬರ ಮುಂದೆ ಬಾಗಿ, ಕ್ಷಮಿಸಿ, ನಮ್ಮಕ್ಕನಿಗೆ ಆಪರೇಷನ್, ನನ್ನ ಕಾರ್ಡು, ಎನ್ನುವಾಗಲೇ ನನ್ನ ಮಾತು ನನಗೇ ಕೇಳಿಸಿತು, ನಯವಾಗಿ, ತಡೆಯಿಲ್ಲದೆ, ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನಾಲಿಗೆ, ಕಂಠಪಾಠದ ಹಾಗೆ ಬರುತ್ತಿತ್ತು, ಅವನ ದನಿಯ ಹಾಗೇ ಇತ್ತು. ಆಕೆ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡರು. ನೋಡೋಕೆ ಓದಿದೋರ ಥರ ಇದ್ದೀರಿ, ನಾಚ್ಕೆ ಆಗಲ್ವಾ? ತೊದಲಬೇಕಿತ್ತು. ಅಳಬೇಕಿತ್ತು. ಎರಡನೆಯವನು, ಟೈ ಕಟ್ಟಿದವನು, ಫೋನಿನಿಂದ ತಲೆ ಎತ್ತದೆ ಕೈ ಅಲ್ಲಾಡಿಸಿದ, ನೊಣ ಓಡಿಸಿದ ಹಾಗೆ. ಮೂರನೆಯವರು ವಯಸ್ಸಾದವರು, ಪೂರ್ತಿ ಕೇಳಿಸಿಕೊಂಡರು, ಕಣ್ಣಲ್ಲಿ ನೀರೂ ಬಂತು ಅವರಿಗೆ, ನಂಬಿದ್ದಾರೆ, ಇವರು ನಂಬಿದ್ದಾರೆ, ಆಮೇಲೆ ಅಂದರು, ನನ್ನ ಮಗ ಹೇಳಿದ್ದಾನಪ್ಪ, ಯಾರು ಏನೇ ಕೇಳಿದ್ರೂ ಇಲ್ಲ ಅನ್ನು ಅಂತ, ನೀನು ನಿಜವೇ ಹೇಳ್ತಿರ್ಬಹುದು, ಏನ್ ಮಾಡ್ಲಿ. ಕಾವಲಿನವನು ಬಂದು ಮೊಣಕೈ ಹಿಡಿದ, ಮೆತ್ತಗೆ, ಇಲ್ಲಿ ಹಾಗೆಲ್ಲ ಕೇಳೋ ಹಾಗಿಲ್ಲ ಯಜಮಾನ್ರೇ. ಕೈ ಬಿಡಪ್ಪ, ನಾನು ಪ್ರೊಫೆಸರು. ಆಗ್ಲಿ, ಬನ್ನಿ. ವಿಶ್ವಾಸಕ್ಕೂ ಒಂದು ಬೆಲೆಯಿದೆ ಎಂದು ಎಂಟು ವರ್ಷದ ಕೆಳಗೆ ಒಂದು ಲೇಖನ ಬರೆದಿದ್ದೆ, ಯಾವುದೋ ಸಮ್ಮೇಳನದಲ್ಲಿ ಓದಿ ಚಪ್ಪಾಳೆ ಹೊಡೆಸಿಕೊಂಡಿದ್ದೆ, ಅದರ ಮೊದಲ ವಾಕ್ಯ ಕೂಡ ಈಗ ನೆನಪಾಗುತ್ತಿಲ್ಲ. ಕೌಂಟರಿನವಳು ದೂರದಿಂದಲೇ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಹನ್ನೊಂದು ನಲವತ್ತು, ಅವಳ ಮುಂದೆ ಹೆಗಲಿಗೆ ಗಿಟಾರು ಹಾಕಿಕೊಂಡ ಒಬ್ಬ, ಯಂತ್ರ ಕೀಚ್ ಎನ್ನಲಿಲ್ಲ, ಚೀಟಿ ಹೊರಬಂತು. ಒಂದೇ ಸೀಟು ಎಂದದ್ದು ನಿಜವೇ ಆಗಿತ್ತು.

ಕೂತೆ. ಕಬ್ಬಿಣದ ಕುರ್ಚಿ, ತೂತು ತೂತಿನ ಸೀಟು, ತಣ್ಣಗೆ. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ, ಚಕ್ರಗಳ ಸದ್ದು, ಗರಗರ, ಗರಗರ. ಅಕ್ಕನ ದನಿ ಒಡೆಯಲು ಶುರುವಾಗಿ ಒಂದು ವರ್ಷವಾಯಿತು, ಶೀತ ಇರ್ಬೇಕು ಬಿಸಿನೀರು ಕುಡಿ ಎಂದೆ, ಮಾತಾಡುತ್ತಲೇ ಇನ್ನೊಂದು ಕೈಯಲ್ಲಿ ಅಂಕಪಟ್ಟಿ ತುಂಬುತ್ತಿದ್ದೆ, ಆಮೇಲೆ ಕೆಮ್ಮು, ಆಮೇಲೆ ಪಿಸುಮಾತು, ಡಾಕ್ಟರು ಗಂಟು ಎಂದರು, ಗಂಟು ಕೆಟ್ಟದ್ದು ಎಂದರು, ಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದರು, ಅವಳು ಕೇಳಿದಳಂತೆ, ತೆಗೆದ ಮೇಲೆ ಅದನ್ನ ನಂಗೇ ಕೊಡ್ತೀರಾ, ನನ್ ದುಡ್ಡಲ್ಲಿ ತೆಗೆಸ್ಕೊಂಡಿದ್ದು ಅಲ್ವಾ, ಡಾಕ್ಟರಿಗೆ ನಗುವುದೋ ಬಿಡುವುದೋ ಗೊತ್ತಾಗಲಿಲ್ಲವಂತೆ. ಫೋನಿಗೆ ಉದ್ದುದ್ದ ಮಾತು ಕಳಿಸುತ್ತಿದ್ದಳು, ಬರೆಯುವುದೆಂದರೆ ಬೇಸರ ಅವಳಿಗೆ, ಐದೈದು ನಿಮಿಷ, ಪಕ್ಕದ ಮನೆಯವಳು ಸೊಸೆ ಜೊತೆ ಮಾತು ಬಿಟ್ಟಿದ್ದು, ಗುಂಡಿಗಳು ಈಗ ಬರೀ ಪ್ಲಾಸ್ಟಿಕ್ಕು, ಚಿಲ್ಲರೆ ನೀನು ಸಪ್ಪಗಿದ್ದೀಯಂತೆ ಯಾಕೆ, ನಾನು ಅರ್ಧ ಕೇಳಿ, ಜಾಗ ತುಂಬುತ್ತದೆಂದು ಭಾನುವಾರ ಭಾನುವಾರ ಎಲ್ಲವನ್ನೂ ಅಳಿಸುತ್ತಿದ್ದೆ, ಕಸ ಗುಡಿಸಿದ ಹಾಗೆ. ಈಗ ಹುಡುಕುತ್ತೇನೆ, ಮೇಲಕ್ಕೆ ಎಳೆಯುತ್ತೇನೆ, ಒಂದೂ ಇಲ್ಲ, ಒಂದೇ ಒಂದು ಇಲ್ಲ, ಭಾನುವಾರಗಳನ್ನು ಅಷ್ಟು ಚೊಕ್ಕವಾಗಿ ಮುಗಿಸಿದ್ದೇನೆ.

ಸರ್, ಎಂದಳು ಕೌಂಟರಿನವಳು, ಅವಳ ಪಾಳಿ ಮುಗಿದಿರಬೇಕು, ಕೋಟು ಕಳಚಿ ಕೈಮೇಲೆ ಹಾಕಿಕೊಂಡಿದ್ದಾಳೆ, ನನ್ನ ಮುಂದೆ ನಿಂತಿದ್ದಾಳೆ, ಗಂಟೆ ಒಂದು ದಾಟಿದೆ, ಹನ್ನೆರಡು ಐವತ್ತರದು ಹಾರಿಹೋಗಿದೆ. ನಿಮ್ಮ ಮನೆಯವರಿಗೆ ಫೋನ್ ಹೋಗ್ತಿಲ್ಲ ಅಂದ್ರಲ್ಲ, ನಿಮ್ಮ ನಂಬರ್ ಬ್ಲಾಕ್ ಮಾಡಿರ್ಬಹುದು, ನನ್ ಫೋನಿಂದ ಮಾಡಿ. ಬ್ಲಾಕ್. ಇವಳು ನನ್ನನ್ನು. ಮಾಡಿದೆ, ಎರಡನೆಯ ರಿಂಗಿಗೇ ಎತ್ತಿದಳು, ಯಾರು? ನಾನು. ಯಾರ್ರೀ ನಾನು? ನಾನು ಕಣೆ, ನಿನ್ನ ಹಸಿರು ಸ್ವೆಟರನ್ನ ಬಿಸಿನೀರಲ್ಲಿ ಹಾಕಿ ಮಗುವಿನ ಅಳತೆಗೆ ತಂದವನು. ಅಯ್ಯೋ, ಎಂದಳು, ಅಯ್ಯೋ ಎಲ್ಲಿದ್ದೀರಿ, ನಿಮ್ ಕಾಲೇಜಿಂದ ಫೋನ್ ಮಾಡಿ ಆ ನಂಬರ್ ಎತ್ಬೇಡಿ, ಬ್ಲಾಕ್ ಮಾಡಿ ಅಂದ್ರು, ನಾನು ಬೆಳಿಗ್ಗೇನೇ ಮಾಡಿದೆ, ನೀವು ವಿಮಾನದಲ್ಲಿದ್ದೀರಿ ಅಂದ್ಕೊಂಡಿದ್ದೆ, ಅಕ್ಕ ಬಾಗಿಲು ನೋಡ್ಕೊಂಡೇ ಕೂತಿದ್ದಾರೆ. ಹೇಳಿದೆ. ಎಲ್ಲವನ್ನೂ ಮೂರು ವಾಕ್ಯದಲ್ಲಿ ಹೇಳಿದೆ, ತೊದಲಿದೆ, ಈಗ ತೊದಲು ಬಂತು. ಅವಳು ಬೈಯಲಿಲ್ಲ. ಸಂಜೆ ಆರಕ್ಕೆ ಇನ್ನೊಂದು ವಿಮಾನ ಇದೆಯಂತೆ, ನಾನೇ ತಗೋತೀನಿ ಇಲ್ಲಿಂದ್ಲೇ, ನೀವು ಏನೂ ಮುಟ್ಬೇಡಿ. ಆಮೇಲೆ ದನಿ ತಗ್ಗಿಸಿ, ರೀ, ಮೊದ್ಲು ಇದ್ದ ರೋಗಿಗೆ ಜ್ವರ ಅಂತೆ, ಅಕ್ಕನ್ನ ಎರಡು ಗಂಟೆಗೇ ಒಳಗೆ ಕರ್ಕೊಂಡ್ ಹೋಗ್ತಾರಂತೆ. ಕೌಂಟರಿನವಳು ಫೋನು ತೆಗೆದುಕೊಂಡು, ಊಟ ಮಾಡಿ ಸರ್ ಎಂದು ಹೋದಳು, ಅವಳಿಗೆ ಧನ್ಯವಾದ ಹೇಳಿದೆನೋ ಇಲ್ಲವೋ.

ಟಿಕೆಟ್ಟು ನನ್ನ ಫೋನಿಗೆ ಬಂತು, ಆರು ಅಕ್ಷರ, ಎಣಿಸಿದೆ, ಅದರ ಕೆಳಗೆ ಬೆಲೆ, ಕಣ್ಣು ಅಲ್ಲಿಗೆ ಹೋಗಬಾರದಿತ್ತು, ಹೋಯಿತು. ಇಳಿದಿತ್ತು. ಆರರದು ಖಾಲಿ ಹೋಗುವ ವಿಮಾನ, ನನ್ನ ಗೆರೆ ಎಲ್ಲಿಗೆ ಬರುತ್ತದೆ ಎಂದು ಹಲಗೆಯ ಮೇಲೆ ತೋರಿಸಿದ್ದೆನೋ ಸರಿಯಾಗಿ ಅಲ್ಲಿಗೇ ಬಂದು ಕೂತಿತ್ತು, ಅರ್ಧಕ್ಕರ್ಧ, ನನ್ನ ಲೆಕ್ಕ ಸರಿಯಾಗಿತ್ತು, ಸರಿಯಾಗಿತ್ತು, ಯಾರಿಗೆ ಹೇಳಲಿ ಇದನ್ನು, ಶೌಚಾಲಯಕ್ಕೆ ಓಡಿ ಬೇಸಿನ್ನಿಗೆ ಬಗ್ಗಿ ಕಾರಿಕೊಂಡೆ, ಬರೀ ನೀರು ಬಂತು, ಕನ್ನಡಿಯಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಮುದುಕ ಬಾಯಿ ಒರೆಸಿಕೊಳ್ಳುತ್ತಿದ್ದ. ಹೊರಗೆ ಬಂದು ನಿಲ್ಲುವಷ್ಟರಲ್ಲಿ ಫೋನು ನಡುಗಿತು, ಇವಳು, ವಿಡಿಯೋ, ನನ್ನ ಮೇಲಿನ ಬ್ಲಾಕು ತೆಗೆದಿದ್ದಾಳೆ, ಬೇಗ ಬೇಗ, ಕರ್ಕೊಂಡ್ ಹೋಗ್ತಿದ್ದಾರೆ, ಮಾತಾಡಿ, ಎಂದಳು, ಚಿತ್ರ ಕುಲುಕಿತು, ಚಾವಣಿ, ಟ್ಯೂಬ್‌ಲೈಟು, ಹಸಿರು ಬಟ್ಟೆಯ ನರ್ಸೊಬ್ಬಳ ಹೆಗಲು, ಆಮೇಲೆ ಅಕ್ಕ. ಹಸಿರು ಟೋಪಿಯೊಳಗೆ ಕೂದಲೆಲ್ಲ ಹೋಗಿ ಮುಖ ಇಷ್ಟೇ ಇಷ್ಟು ಆಗಿದೆ, ಮೂಗುತಿ ತೆಗೆದಿದ್ದಾರೆ, ಮೂಗು ಬರಿದಾಗಿದೆ, ನಾನು ಆ ಮೂಗನ್ನು ಬರಿದಾಗಿ ನೋಡಿದ್ದೇ ಇಲ್ಲ, ಮಂಚ ಚಲಿಸುತ್ತಿದೆ, ಇವಳು ಪಕ್ಕದಲ್ಲಿ ಓಡುತ್ತಿದ್ದಾಳೆ. ಅಕ್ಕ, ಎಂದೆ. ನನ್ನನ್ನು ಕಂಡಳು. ಕಣ್ಣು ಕಿರಿದಾಯಿತು, ಫೋನಿನೊಳಗೂ ನನ್ನ ಕಾಲು ಎಲ್ಲಿ ಎಂದು ಹುಡುಕಿದಳೋ ಏನೋ, ಬಾಯಿ ತೆರೆದಳು, ಆಗಲೇ ನನ್ನ ತಲೆಯ ಮೇಲಿನ ಧ್ವನಿವರ್ಧಕ ಬಾಯಿ ಬಿಟ್ಟಿತು, ಪ್ರಯಾಣಿಕರು ದಯವಿಟ್ಟು ಗಮನಿಸಿ, ವಾರಸುದಾರರಿಲ್ಲದ ಸಾಮಾನು ಕಂಡುಬಂದಲ್ಲಿ, ಒಂದು ಭಾಷೆ, ಅಕ್ಕ ಮಾತಾಡುತ್ತಿದ್ದಾಳೆ, ಕೇಳಿಸ್ತಿಲ್ಲ ಅಕ್ಕ, ಒಂದ್ ನಿಮಿಷ, ಓಡಿದೆ, ಕಂಬದ ಹಿಂದೆ ಹೋದೆ, ಅಲ್ಲೂ ಒಂದು ಧ್ವನಿವರ್ಧಕ, ಎರಡನೆಯ ಭಾಷೆ, ಬೆರಳು ಒಂದು ಕಿವಿಗೆ ತುರುಕಿ ಫೋನನ್ನು ಇನ್ನೊಂದಕ್ಕೆ ಒತ್ತಿದೆ, ಗಾಳಿಯಂಥ ಏನೋ, ಹಸ್ ಎಂಬ ಏನೋ, ಅವಳ ಪಿಸುಮಾತು ಅಷ್ಟೇ ಉಳಿದಿತ್ತು, ಕಿವಿಗಿಟ್ಟರೆ ಮುಖ ಕಾಣದು, ಮುಖ ನೋಡಿದರೆ ಕೇಳದು, ಮುಖವನ್ನೇ ಆರಿಸಿದೆ, ಮೂರನೆಯ ಭಾಷೆ, ಧನ್ಯವಾದಗಳು. ಮುಗಿಯಿತು. ನಿಶ್ಶಬ್ದ. ಫೋನಿನಲ್ಲಿ ಬಾಗಿಲೊಂದು ಎರಡು ಕಡೆಯಿಂದ ಬಂದು ಕೂಡಿಕೊಂಡು ಅಲ್ಲಾಡುತ್ತಿತ್ತು. ಏನಂದ್ಲು? ಎಂದೆ. ಇವಳು ಅಳುತ್ತಿದ್ದಳು. ನಂಗೂ ಕೇಳಿಸ್ಲಿಲ್ಲ ರೀ, ಚಕ್ರದ ಸದ್ದು, ನರ್ಸ್ ಬೇರೆ ಕೂಗ್ತಿದ್ಲು, ನಿಮ್ಗೆ ಕೇಳಿಸ್ತಾ ಇದೆ ಅಂದ್ಕೊಂಡಿದ್ದೆ.

ಐದೂ ಕಾಲಿಗೆ ಸಂದೇಶ ಬಂತು, ಆಪರೇಷನ್ ಆಯ್ತು, ಚೆನ್ನಾಗಿ ಆಯ್ತಂತೆ, ಗಂಟು ಪೂರ್ತಿ ಹೋಯ್ತಂತೆ, ಉಸಿರಾಡ್ತಿದ್ದಾರೆ, ನೀವು ಬನ್ನಿ. ಬದುಕಿದ್ದಾಳೆ. ಬದುಕುತ್ತಾಳೆ, ಹತ್ತು ವರ್ಷ, ಇಪ್ಪತ್ತು ವರ್ಷ, ಕುಣಿಯಬೇಕಿತ್ತು ನಾನು. ಎಚ್ಚರ ಆದ್ಮೇಲೆ ಬರೆದು ಕೇಳೋಣ, ಏನು ಹೇಳಿದ್ರೋ ಅವರೇ ಬರೀತಾರೆ, ಎಂದಿದ್ದಾಳೆ ಇವಳು, ಬರೆದಾಳು, ಬರೆದರೆ ಮಾತು ಬರುತ್ತದೆ, ಕಾಗದದ ಮೇಲೆ ಬೇರೆಯವರ ಅಕ್ಕಂದಿರ ಮಾತಿನ ಹಾಗೇ ಇರುತ್ತದೆ. ಸಾಲು ಮುಂದೆ ಸರಿಯಿತು, ಆರು ಅಕ್ಷರ ಸರಿಯಿತ್ತು, ಯಂತ್ರ ಹಸಿರು ತೋರಿಸಿತು, ನಡೆದೆ, ಏರಿದೆ, ಅರ್ಧ ಖಾಲಿ ವಿಮಾನ, ನನ್ನ ಸಾಲಿನಲ್ಲಿ ಮೂರು ಸೀಟೂ ನನಗೇ, ಬೆಲ್ಟು ಕಟ್ಟಿಕೊಂಡೆ, ಕಣ್ಣು ಮುಚ್ಚಿದೆ. ತುಟಿಗಳು. ಒಣಗಿ ಬಿಳುಚಿದ್ದವು, ಕೆಳತುಟಿಯ ನಡುವೆ ಒಂದು ಬಿರುಕು. ತೆರೆದವು, ಒಂದು ಸಲ ಕೂಡಿದವು, ಬಿಟ್ಟವು, ಮತ್ತೆ ಕೂಡಿದವು, ಅಷ್ಟೇ ನಾನು ಕಂಡದ್ದು. ಚಿಲ್ಲರೆ ಎನ್ನಲು ತುಟಿ ಕೂಡಬೇಕಿಲ್ಲ, ಹೇಳಿ ನೋಡಿದೆ, ಚಿಲ್ಲರೆ, ಕೂಡುವುದಿಲ್ಲ, ಹಾಗಾದರೆ ಕರೆದದ್ದಲ್ಲ. ಬಾರೋ ಎಂದರೆ ಒಂದೇ ಸಲ. ಬೇಡ ಬಿಡು, ಎರಡು ಸಲ. ಪಾಪ, ಎರಡು ಸಲ. ಅಪ್ಪ, ಬಿಗಿಯಾಗಿ ಒಂದು. ಊಟ ಮಾಡು, ಒಂದು. ಬಂದ್ಬಿಡು, ಎರಡು. ಕಿಟಕಿಯ ಗಾಜಿಗೆ ಮುಖ ಹತ್ತಿರ ತಂದು ನನ್ನ ತುಟಿಯಲ್ಲಿ ಅವಳ ತುಟಿ ಆಡಿಸಿ ನೋಡುತ್ತೇನೆ, ಗಾಜು ಮಂಜಾಗುತ್ತದೆ, ಒರೆಸುತ್ತೇನೆ, ಬೇಡ ಬಿಡು, ಬಂದ್ಬಿಡು, ಯಾವುದು, ಮೊದಲನೆಯದು ಬಿಗಿಯಾಗಿತ್ತೋ ಎರಡನೆಯದೋ, ನೆಲ ಓಡುತ್ತಿದೆ, ರೆಕ್ಕೆ ನಡುಗುತ್ತಿದೆ, ಕೂಡಿದವು, ಬಿಟ್ಟವು, ಬಿರುಕು ಬೆಳ್ಳಗೆ, ಕೂಡಿದವು, ಬಿಟ್ಟವು, ಕೂಡಿದವು